ಬಾಗಿಲ ಹತ್ತಿರ ನಿಂತವರು ಯಾರು?

ಯುಗಾದಿಗೆ ಊರಿಗೆ ಹೋಗಿದ್ದೆ. ನಮ್ಮೂರು ಹೊಸಪೇಟೆ. ಆದರೆ ಹಬ್ಬ ಮಾತ್ರ ಯಾವತ್ತೂ ಕಂಪ್ಲಿಯಲ್ಲಿ, ಅಜ್ಜಿ ಮನೆಯಲ್ಲಿ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆ ಆದಮೇಲೆ ನಾವೊಂದು ಜಿಲ್ಲೆ, ಅಜ್ಜಿ ಇನ್ನೊಂದು ಜಿಲ್ಲೆ. ಹೋಳಿಗೆಗೆ ಅದೇನೂ ಅಡ್ಡ ಬಂದಿಲ್ಲ.

ಊಟ ಮುಗಿಸಿ ಎಲ್ಲರೂ ಪಡಸಾಲೆಯಲ್ಲಿ ಅಡ್ಡಾಗಿದ್ವಿ. ಟಿವಿಯಲ್ಲಿ ಒಂದು ಸುದ್ದಿ ಓಡ್ತಿತ್ತು. ಎಲ್ಲೋ ಒಂದು ಕಡೆ ಒಬ್ಬ ಹೆಣ್ಣುಮಗಳು ತನ್ನ ಮೇಲಧಿಕಾರಿ ಮೇಲೆ ಕಿರುಕುಳದ ದೂರು ಕೊಟ್ಟಿದ್ದಳು. ಆ್ಯಂಕರ್ ಕೂಗ್ತಿದ್ದ. ಸೋದರಮಾವ ರಿಮೋಟ್ ಹುಡುಕ್ತಾ ಅಂದ: "ಏ ಬಿಡ್ರಿ, ಈಗೆಲ್ಲಾ ರತ್ನಾಜಿಗಳ ಕಾಲ."

ಯಾರೂ ಏನೂ ಅನ್ನಲಿಲ್ಲ. ಗೋಡೆಗೆ ಒರಗಿ ಅಡಿಕೆ ಕತ್ತರಿಸ್ತಿದ್ದ ಅಜ್ಜಿ ಮಾತ್ರ ತಲೆ ಎತ್ತದೇ ಅಂದಳು: "ರತ್ನಾಜಿದು ಇರ್ಲಿ ಬಿಡೋ. ಬೈಚಪ್ಪ ಇದ್ದಿಲ್ಲಂದ್ರ ಏನಾಗ್ತಿತ್ತು, ಅದನ್ ಹೇಳು."

ಮಾವ ನಕ್ಕ. ಚಾನೆಲ್ ಬದಲಾಯ್ತು. ಮಾತು ಅಲ್ಲಿಗೇ ಮುಗೀತು. ನನ್ನ ಪಾಲಿಗೆ ಮಾತ್ರ ಮುಗೀಲಿಲ್ಲ.

ನಮ್ಮ ಕಡೆಯವರಲ್ಲದವರಿಗೆ ರತ್ನಾಜಿ ಯಾರು ಅಂತ ಹೇಳಬೇಕು. ವಿಜಯನಗರ ಹುಟ್ಟೋಕೆ ಮುಂಚೆ, 14ನೇ ಶತಮಾನದ ಶುರುವಿನಲ್ಲಿ, ನಮ್ಮ ಸೀಮೆ ಆಳಿದವನು ಕಂಪಿಲರಾಯ. ಸಂಡೂರಿನ ಬೆಟ್ಟಗಳಲ್ಲಿ ಹೊಸಮಲೆದುರ್ಗ, ಹೊಳೆ ಆಚೆ ಕುಮ್ಮಟದುರ್ಗ, ಇವೆಲ್ಲ ಅವನ ಕೋಟೆಗಳು. ಅವನ ಮಗ ಕುಮಾರರಾಮ. ದೆಹಲಿಯ ಮಹಮ್ಮದ್ ಬಿನ್ ತುಘಲಕನ ಸೈನ್ಯದ ವಿರುದ್ಧ ಕಾದಾಡಿ 1327ರ ಸುಮಾರಿಗೆ ಸತ್ತವನು. ಇಷ್ಟು ಚರಿತ್ರೆ. ಇದರ ಸುತ್ತ ಬೆಳೆದ ಕಥೆಯನ್ನ 16ನೇ ಶತಮಾನದಲ್ಲಿ ನಂಜುಂಡ ಕವಿ ಸಾಂಗತ್ಯದಲ್ಲಿ ಬರೆದ. ಜನ ಅದಕ್ಕೂ ಮುಂಚಿನಿಂದ, ಅದಾದ ಮೇಲೂ, ಹಾಡ್ತಾ ಹೇಳ್ತಾ ಬಂದರು.

ಕಥೆ ಹೀಗಿದೆ. ಕುಮಾರರಾಮ ಗೆಳೆಯರ ಜೊತೆ ಚೆಂಡಾಟ ಆಡ್ತಿರ್ತಾನೆ. ಚೆಂಡು ಹಾರಿ ರತ್ನಾಜಿಯ ಅರಮನೆ ಒಳಗೆ ಬೀಳುತ್ತೆ. ರತ್ನಾಜಿ ಅಂದ್ರೆ ಕಂಪಿಲರಾಯನ ಕಿರಿಯ ಹೆಂಡತಿ, ರಾಮನಿಗೆ ಮಲತಾಯಿ. ಚೆಂಡು ತರೋಕೆ ಒಳಗೆ ಹೋದ ರಾಮನನ್ನ ಅವಳು ಬಯಸ್ತಾಳೆ, ತಡೀತಾಳೆ. ಅವನು ಕೊಸರಿಕೊಂಡು ಬರ್ತಾನೆ. ಅವಳು ರಾಜನ ಹತ್ತಿರ ಉಲ್ಟಾ ಹೇಳ್ತಾಳೆ. ರಾಜ ಮಗನನ್ನ ಕರೆಸಿ ಕೇಳೋದೂ ಇಲ್ಲ, ತಲೆ ತರೋಕೆ ಅಪ್ಪಣೆ ಕೊಡ್ತಾನೆ. ಮಂತ್ರಿ ಬೈಚಪ್ಪ ರಾಮನನ್ನ ನೆಲಮಾಳಿಗೆಯಲ್ಲಿ ಬಚ್ಚಿಟ್ಟು, ರಾಜನಿಗೆ ಸುಳ್ಳು ತಲೆ ತೋರಿಸ್ತಾನೆ. ಮುಂದೆ ದೆಹಲಿ ಸೈನ್ಯ ಬಂದಾಗ, ಸತ್ತ ಅಂದುಕೊಂಡಿದ್ದ ರಾಮ ಎದ್ದು ಬಂದು ನಾಡು ಕಾಯ್ತಾನೆ. ಅವನಿಗೆ ಪರನಾರೀ ಸಹೋದರ ಅನ್ನೋ ಬಿರುದು. ನಮ್ಮ ಕಡೆ ಅವನು ಬರೀ ರಾಜಕುಮಾರ ಅಲ್ಲ, ದೇವರು.

ಇನ್ನು ನನ್ನ ವಿಷಯ. ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸ. ಅಲ್ಲಿನ ಆಂತರಿಕ ಸಮಿತಿಯಲ್ಲಿ ನಾನೂ ಒಬ್ಬ ಸದಸ್ಯೆ. ನಿಮ್ಮಲ್ಲಿ ಬಹಳ ಜನಕ್ಕೆ ಇದು ವರ್ಷಕ್ಕೊಮ್ಮೆ ಕ್ಲಿಕ್ ಮಾಡಿ ಮುಗಿಸೋ ಟ್ರೇನಿಂಗ್‌ನಲ್ಲಿ ಬರೋ ಹೆಸರು ಅಷ್ಟೆ. ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪಿನ ಬೆನ್ನಿಗೆ ಹದಿನಾರು ವರ್ಷ ಕಳೆದು, 2013ರಲ್ಲಿ ಕಾಯ್ದೆ ಬಂತು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡೋ ಕಡೆ ಸಮಿತಿ ಇರಲೇಬೇಕು. ಅಧ್ಯಕ್ಷೆ ಒಬ್ಬ ಹಿರಿಯ ಮಹಿಳೆ, ಕನಿಷ್ಠ ಅರ್ಧ ಜನ ಹೆಂಗಸರು, ಹೊರಗಿನವರು ಒಬ್ಬರು. ವಿಚಾರಣೆ 90 ದಿನದಲ್ಲಿ ಮುಗೀಬೇಕು. ಒಳಗೆ ನಡೆದದ್ದು ಹೊರಗೆ ಹೋಗಬಾರದು.

ಹಾಗಾಗಿ ಆ ಯುಗಾದಿಯ ಹೊತ್ತಿಗೆ ನಮ್ಮ ಮುಂದೆ ಏನಿತ್ತು, ಯಾರ ವಿರುದ್ಧ ಯಾರಿದ್ದರು, ಕೊನೆಗೆ ಏನಾಯ್ತು, ಯಾವುದನ್ನೂ ಇಲ್ಲಿ ಬರೆಯಲ್ಲ. ನನ್ನ ತಲೆಯೊಳಗೆ ನಡೆದದ್ದನ್ನ ಮಾತ್ರ ಬರೀತೀನಿ. ಅದನ್ನ ಮುಚ್ಚಿಡು ಅಂತ ಯಾವ ಕಾಯ್ದೆಯೂ ಹೇಳಿಲ್ಲ. ಮುಚ್ಚಿಡಬೇಕು ಅನ್ನಿಸಿದ್ದು ನಾಚಿಕೆಗೆ.

ನಡೆದದ್ದು ಇಷ್ಟು. ದೂರಿನ ಪ್ರತಿ ಕೈಗೆ ಬಂದಾಗ ಮೊದಲ ಪುಟದಲ್ಲಿ ಹೆಸರು ಓದಿದೆ. ಎರಡನೇ ಪುಟ ತಿರುಗಿಸೋ ಮುಂಚೆಯೇ ಮನಸ್ಸು ಹೇಳಿತು: "ಛೇ, ಇವನಲ್ಲ." ಬೇರೆ ಯಾರಾದ್ರೂ ಹೀಗಂದಿದ್ದರೆ ಜಗಳಕ್ಕೆ ಹೋಗ್ತಿದ್ದವಳು ನಾನು. ಮಾವ ಪಡಸಾಲೆಯಲ್ಲಿ ಬಾಯಿಬಿಟ್ಟು ಹೇಳಿದ್ದನ್ನೇ ನಾನು ಎ.ಸಿ. ಕೋಣೆಯಲ್ಲಿ ಬಾಯಿಮುಚ್ಚಿಕೊಂಡು ಅಂದುಕೊಂಡಿದ್ದೆ. ಅವತ್ತು ಮಾವನಿಗೆ ಉತ್ತರ ಕೊಡೋಕೆ ಆಗದೇ ಇದ್ದದ್ದು ಅದಕ್ಕೇ.

ಅವತ್ತೇ ರಾತ್ರಿ ಮಾಳಿಗೆ ಮೇಲೆ ಮಲಗಿದ್ದಾಗ ನನ್ನ ಗೆಳತಿಯ ಜೊತೆ ಚಾಟ್ ಮಾಡ್ತಿದ್ದೆ. ಅವಳು ಚಿತ್ರಕಲೆಯ ಇತಿಹಾಸ ಓದಿದವಳು. ಮಾವ ಅಂದದ್ದನ್ನ, ರತ್ನಾಜಿ ಕಥೆಯನ್ನ ಹೇಳಿದೆ. ಎರಡು ನಿಮಿಷಕ್ಕೆ ಒಂದು ಚಿತ್ರ ಬಂತು. ಕೆಳಗೆ ಒಂದೇ ಸಾಲು: "ನಿಮ್ಮ ಕುಮಾರರಾಮ ನೋಡು, ಆರನೇ ಶತಮಾನದಲ್ಲೇ ಇದ್ದಾನೆ."

ಅದು ವಿಯೆನ್ನಾ ಜೆನೆಸಿಸ್ ಅನ್ನೋ ಹಸ್ತಪ್ರತಿಯ ಒಂದು ಪುಟ. ಬೈಬಲ್ಲಿನ ಆದಿಕಾಂಡವನ್ನ ಗ್ರೀಕ್ ಭಾಷೆಯಲ್ಲಿ ಬರೆದು, ಪ್ರತಿ ಪುಟದ ಕೆಳಗರ್ಧದಲ್ಲಿ ಚಿತ್ರ ಬಿಡಿಸಿದ ಪುಸ್ತಕ. ಹದ ಮಾಡಿದ ತೊಗಲಿನ ಹಾಳೆಗೆ ನೇರಳೆ ಬಣ್ಣ ಹಾಕಿ, ಅದರ ಮೇಲೆ ಬೆಳ್ಳಿ ಶಾಯಿಯಲ್ಲಿ ಬರೆದಿದ್ದಾರೆ. ಉಳಿದಿರೋದು 24 ಹಾಳೆ ಮಾತ್ರ, ಆಸ್ಟ್ರಿಯಾದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಇವೆ. ಬೆಳ್ಳಿ ಕಪ್ಪಾಗಿದೆ, ಕೆಲವು ಕಡೆ ಅಕ್ಷರವೇ ಹಾಳೆಯನ್ನ ತಿಂದುಹಾಕಿದೆ. ಚಿತ್ರಗಳು ಮಾತ್ರ ನಿನ್ನೆ ಮೊನ್ನೆ ಬಿಡಿಸಿದ ಹಾಗಿವೆ.

ಗೆಳತಿ ಕಳಿಸಿದ ಪುಟದಲ್ಲಿ ಒಂದು ಮಂಚ. ಮಂಚದ ಅಂಚಿನಲ್ಲಿ ಒಬ್ಬ ಶ್ರೀಮಂತ ಹೆಂಗಸು. ಕೈ ಚಾಚಿ ಒಬ್ಬ ಹುಡುಗನ ಮೇಲುವಸ್ತ್ರ ಹಿಡಿದಿದ್ದಾಳೆ. ಅವನು ಬಾಗಿಲ ಕಡೆ ಓಡ್ತಾ, ತಿರುಗಿ ಅವಳನ್ನೇ ನೋಡ್ತಿದ್ದಾನೆ. ಅವನು ಯೋಸೇಫ. ಅವಳು ಪೋಟೀಫರನ ಹೆಂಡತಿ. ಬಾಗಿಲಾಚೆಗೆ ಒಬ್ಬಳು ತೊಟ್ಟಿಲ ಮೇಲೆ ಬಾಗಿದ್ದಾಳೆ, ಇನ್ನೂ ಕೆಲವರು ನೂಲ್ತಾ ಕೂತಿದ್ದಾರೆ. ಇವರೆಲ್ಲ ಯಾರು ಅಂತ ವಿದ್ವಾಂಸರು ಇನ್ನೂ ಜಗಳ ಆಡ್ತಿದ್ದಾರಂತೆ.

ಕಥೆ ಗೊತ್ತಿಲ್ಲದವರಿಗೆ: ಯೋಸೇಫನನ್ನ ಅಣ್ಣಂದಿರೇ ಮಾರಿಬಿಟ್ಟಿರ್ತಾರೆ. ಈಜಿಪ್ಟಿನಲ್ಲಿ ಫರೋಹನ ಅಧಿಕಾರಿ ಪೋಟೀಫರ ಅವನನ್ನ ಗುಲಾಮನಾಗಿ ಕೊಂಡ್ಕೊಳ್ತಾನೆ. ಚೆನ್ನಾಗಿ ಕೆಲಸ ಮಾಡ್ತಾನೆ ಅಂತ ಇಡೀ ಮನೆಯ ಉಸ್ತುವಾರಿ ಕೊಡ್ತಾನೆ. ಒಡತಿಯ ಕಣ್ಣು ಅವನ ಮೇಲೆ ಬೀಳುತ್ತೆ. ದಿನಾ ಕಾಡ್ತಾಳೆ, ಅವನು ಒಲ್ಲೆ ಅಂತಾನೆ. ಒಂದಿನ ಮನೆಯಲ್ಲಿ ಯಾರೂ ಇಲ್ಲದಾಗ ಅವನ ಬಟ್ಟೆ ಹಿಡಿದು ಎಳೀತಾಳೆ. ಅವನು ಬಟ್ಟೆಯನ್ನ ಅವಳ ಕೈಯಲ್ಲೇ ಬಿಟ್ಟು ಓಡ್ತಾನೆ. ಅವಳು ಆ ಬಟ್ಟೆಯನ್ನೇ ಸಾಕ್ಷಿ ಮಾಡ್ಕೊಂಡು, ಈ ಇಬ್ರಿಯ ನನ್ನ ಮೇಲೆ ಕೈ ಹಾಕಿದ ಅಂತ ಹೇಳ್ತಾಳೆ. ಗಂಡ ಕೆಂಡಾಮಂಡಲ ಆಗಿ ಅವನನ್ನ ಜೈಲಿಗೆ ಹಾಕಿಸ್ತಾನೆ.

ಅಲ್ಲಿ ಬಟ್ಟೆ, ಇಲ್ಲಿ ಚೆಂಡು. ಅಲ್ಲಿ ಜೈಲು, ಇಲ್ಲಿ ನೆಲಮಾಳಿಗೆ. ಮಾವನ ಮಾತಿಗೆ ಸಾವಿರಾರು ವರ್ಷದ, ಎರಡು ಖಂಡಗಳ ಬೆಂಬಲ ಸಿಕ್ಕ ಹಾಗಾಯ್ತು. ಮೊದಲು ಬೇಜಾರೇ ಆಯ್ತು. ಎಲ್ಲಾ ಕಡೆ ಹೆಂಗಸರ ಬಗ್ಗೆ ಒಂದೇ ಕಥೆ ಕಟ್ಟಿಟ್ಟಿದ್ದಾರಲ್ಲ ಅಂತ. ಬೈಬಲ್ಲಿನಲ್ಲಂತೂ ಆ ಹೆಂಗಸಿಗೆ ಹೆಸರೂ ಇಲ್ಲ. ರತ್ನಾಜಿಗೆ ಹೆಸರಾದ್ರೂ ಸಿಕ್ಕಿದೆ. ಅದೂ ಬೈಗುಳವಾಗಿ ಬಳಸೋಕೆ.

ಆದರೆ ಚಿತ್ರವನ್ನ ದೊಡ್ಡದು ಮಾಡಿ ಮತ್ತೆ ಮತ್ತೆ ನೋಡಿದೆ. ನೋಡ್ತಾ ನೋಡ್ತಾ ಎರಡು ವಿಷಯ ಹೊಳೆದವು.

ಮೊದಲನೆಯದು, ನಾನು ಎಲ್ಲಿ ಕೂತು ನೋಡ್ತಿದ್ದೀನಿ ಅನ್ನೋದು. ಮನೆಯಲ್ಲಿ ಯಾರೂ ಇರಲಿಲ್ಲ ಅಂತ ಕಥೆಯೇ ಹೇಳುತ್ತೆ. ಹಾಗಾದ್ರೆ ಆ ಕೋಣೆಯಲ್ಲಿ ಏನಾಯ್ತು ಅಂತ ನಂಗೆ ಹೇಗೆ ಗೊತ್ತು? ಚಿತ್ರಕಾರ ಗೋಡೆ ತೆಗೆದು ನನ್ನನ್ನ ಒಳಗೆ ಕೂರಿಸಿದ್ದಾನೆ. ಕಥೆ ಹೇಳುವವನು ಮೊದಲೇ ತೀರ್ಪು ಹೇಳಿಬಿಟ್ಟಿದ್ದಾನೆ, ಚಿತ್ರಕಾರ ಅದಕ್ಕೆ ಬಣ್ಣ ತುಂಬಿದ್ದಾನೆ. ಪೋಟೀಫರನಿಗೆ ಈ ಜಾಗ ಸಿಗಲಿಲ್ಲ. ಕಂಪಿಲರಾಯನಿಗೂ ಸಿಗಲಿಲ್ಲ. ನಿಜವಾದ ಜೀವನದಲ್ಲಿ ಯಾರಿಗೂ ಸಿಗಲ್ಲ.

ಹೆರಾತಿನ ಬಿಹ್ಜಾದ್ 1488ರಲ್ಲಿ ಇದೇ ಸಂದರ್ಭ ಬಿಡಿಸಿದ್ದಾನೆ. ಸಾದಿಯ ಬೂಸ್ತಾನ್ ಕೃತಿಯ ಒಂದು ಹಸ್ತಪ್ರತಿಗೆ. ಅದು ಈಗ ಕೈರೋದಲ್ಲಿದೆ. ಗೆಳತಿ ಅದನ್ನೂ ಕಳಿಸಿದಳು. ಒಂದು ದೊಡ್ಡ ಅರಮನೆ, ಮೆಟ್ಟಿಲ ಮೇಲೆ ಮೆಟ್ಟಿಲು, ಕೋಣೆ ದಾಟಿದರೆ ಕೋಣೆ, ಮುಚ್ಚಿದ ಬಾಗಿಲುಗಳು. ತುದಿಯಲ್ಲಿ ಯೂಸುಫ್, ಅವನನ್ನ ಹಿಡಿಯೋಕೆ ಬಾಗಿರೋ ಜುಲೇಖಾ. ಇಡೀ ಅರಮನೆಯಲ್ಲಿ ಅವರಿಬ್ಬರನ್ನ ಬಿಟ್ಟು ಒಂದು ನರಪಿಳ್ಳೆಯೂ ಇಲ್ಲ. ಏಳು ಬಾಗಿಲು ಹಾಕಿದ ಜಾಗದಲ್ಲಿ ನಡೆದದ್ದನ್ನ ನಾವು ಮಾತ್ರ ಆರಾಮಾಗಿ ನೋಡ್ತಿದ್ದೀವಿ.

ಮಾವ ಟಿವಿ ನೋಡ್ತಾ ಮಾತಾಡಿದ್ದು ಇದೇ ಕುರ್ಚಿಯಿಂದ. ರತ್ನಾಜಿ ಸುಳ್ಳು ಹೇಳಿದಳು ಅಂತ ಅವನಿಗೆ ಗೊತ್ತಿದೆ, ಯಾಕಂದ್ರೆ ಕವಿ ಹೇಳಿದ್ದಾನೆ. ಆದರೆ ಟಿವಿಯಲ್ಲಿದ್ದ ಹೆಣ್ಣುಮಗಳ ಕಥೆಗೆ ಕವಿ ಇಲ್ಲ. ಅಲ್ಲಿ ಗೋಡೆ ಇನ್ನೂ ಇದೆ, ಬಾಗಿಲು ಇನ್ನೂ ಹಾಕಿದೆ. ಕಥೆಯಲ್ಲಿ ಸಿಕ್ಕ ಕುರ್ಚಿಯನ್ನ ಎತ್ಕೊಂಡು ಬಂದು ಸುದ್ದಿ ಮುಂದೆ ಹಾಕ್ಕೊಂಡು ಕೂತ. ಎರಡನೇ ಪುಟ ತಿರುಗಿಸದ ನಾನೂ ಅದನ್ನೇ ಮಾಡಿದ್ದು.

ಎರಡನೆಯದು ಇನ್ನೂ ದೊಡ್ಡದು. ಕವಿ, ಚಿತ್ರಕಾರ ಕೊಟ್ಟ ಕುರ್ಚಿಯನ್ನ ಪಕ್ಕಕ್ಕಿಟ್ಟು, ಆ ಮನೆಯ ಆಳುಗಳು ಹೊರಗಿನಿಂದ ಏನು ನೋಡಿರಬಹುದು ಅಂತ ಯೋಚಿಸಿ. ಕೋಣೆ ಒಳಗಿನದು ಬಿಡಿ. ಹೊರಗೆ ಕಾಣೋದು ಇಷ್ಟು: ಒಬ್ಬರು ಮನೆಯ ಒಡತಿ, ಇನ್ನೊಬ್ಬ ಕೊಂಡುತಂದ ಗುಲಾಮ. ಅವಳು ಈ ದೇಶದವಳು, ಅವನು ಪರದೇಶಿ, ಅದನ್ನೂ ಅವಳು ಎತ್ತಾಡ್ತಾಳೆ. ಅವಳ ಮಾತಿಗೆ ಕಿವಿ ಇದೆ. ಅವನು ಏನು ಹೇಳಿದ ಅಂತ ಆದಿಕಾಂಡದಲ್ಲಿ ಒಂದು ಸಾಲೂ ಇಲ್ಲ. ಯಾರೂ ಕೇಳಿದ ಹಾಗೇ ಇಲ್ಲ. ದಿನಾ ಕಾಡಿದ್ದು ಮೇಲಿನವರು, ಸಹಿಸಿಕೊಂಡಿದ್ದು ಕೆಳಗಿನವನು, ಒಪ್ಪದೇ ಇದ್ದಿದ್ದಕ್ಕೆ ಕೆಲಸ ಕಳ್ಕೊಂಡು ಜೈಲಿಗೆ ಹೋದವನೂ ಅವನೇ.

ನಮ್ಮ ಟ್ರೇನಿಂಗ್ ಸ್ಲೈಡ್‌ಗಳ ಭಾಷೆಯಲ್ಲಿ ಹೇಳೋದಾದ್ರೆ, ಇದು ಕೆಲಸದ ಜಾಗದಲ್ಲಿ ನಡೆದ ಕಿರುಕುಳ. ಯೋಸೇಫ ಇಲ್ಲಿ ಆರೋಪಿ ಅಲ್ಲ, ದೂರು ಕೊಡಬೇಕಾಗಿದ್ದವನು! (ನಮ್ಮ 2013ರ ಕಾಯ್ದೆ ಹೆಂಗಸರಿಗೆ ಮಾತ್ರ, ಅವನು ಬಂದಿದ್ದರೆ ನಾವು ವಾಪಸ್ ಕಳಿಸಬೇಕಿತ್ತು. ಆ ಚರ್ಚೆ ಇನ್ನೊಂದು ದಿನಕ್ಕಿರಲಿ.)

ಅಂದ್ರೆ ಹೆಣ್ಣುಮಕ್ಕಳ ದೂರನ್ನ ನಂಬಬೇಡಿ ಅನ್ನೋಕೆ ಬಳಸೋ ಕಥೆಯೇ, ಕೆಳಗಿರುವವರ ಮಾತನ್ನ ಯಾರೂ ಕೇಳಲ್ಲ ಅಂತ ಹೇಳೋ ಕಥೆ ಕೂಡ. ನಾವು ಹೆಣ್ಣು, ಗಂಡು ಅನ್ನೋದನ್ನ ಮಾತ್ರ ಹಿಡ್ಕೊಂಡ್ವಿ. ಯಾರು ಮಂಚದ ಮೇಲೆ ಕೂತಿದ್ದಾರೆ, ಯಾರು ಬಾಗಿಲ ಹತ್ತಿರ ನಿಂತಿದ್ದಾರೆ ಅನ್ನೋದನ್ನ ಬಿಟ್ವಿ. ಟಿವಿ ಸುದ್ದಿಯಲ್ಲಿ ಬಾಗಿಲ ಹತ್ತಿರ ಇದ್ದವಳು ಆ ಹೆಣ್ಣುಮಗಳು. ಮಂಚದ ಮೇಲೆ ಕೂತವನು ಅವಳ ಮೇಲಧಿಕಾರಿ. ಮಾವನಿಗೆ ಹೋಲಿಕೆ ಮಾಡಲೇಬೇಕಿದ್ದರೆ, ಅವಳನ್ನ ಕುಮಾರರಾಮನಿಗೆ ಹೋಲಿಸಬೇಕಿತ್ತು.

ಇಲ್ಲಿ ನಿಮಗೆ ಒಂದು ಅನುಮಾನ ಬರಬೇಕು. ನಂಗೂ ಬಂತು. ಹಾಗಾದ್ರೆ ಬಾಗಿಲ ಹತ್ತಿರ ಇರೋರು ಹೇಳಿದ್ದೆಲ್ಲ ನಿಜಾನಾ? ಖಂಡಿತ ಅಲ್ಲ. ಕೆಳಗಿರುವವರೂ ಸುಳ್ಳು ಹೇಳ್ತಾರೆ, ತಪ್ಪು ತಿಳ್ಕೊಳ್ತಾರೆ. ಬೇಕಂತಲೇ ಸುಳ್ಳು ದೂರು ಕೊಟ್ಟಿದ್ದು ಸಾಬೀತಾದರೆ ಕ್ರಮಕ್ಕೆ ಶಿಫಾರಸು ಮಾಡಬಹುದು ಅಂತ ಅದೇ ಕಾಯ್ದೆ ಹೇಳುತ್ತೆ. ಆದರೆ ಪಕ್ಕದಲ್ಲೇ ಇನ್ನೊಂದು ಮಾತೂ ಇದೆ: ದೂರನ್ನ ಸಾಬೀತು ಮಾಡೋಕೆ ಆಗಲಿಲ್ಲ ಅಂದ ಮಾತ್ರಕ್ಕೆ ಅದು ಸುಳ್ಳು ದೂರು ಅಂತ ಆಗಲ್ಲ. ಬಹಳ ಜನ ಮೊದಲನೇ ಸಾಲು ಓದಿ ನಿಲ್ಲಿಸ್ತಾರೆ.

ನಂಬೋದು ಅನ್ನೋ ಒಂದೇ ಪದದಲ್ಲಿ ನಾವು ಎರಡು ಕೆಲಸ ಬೆರೆಸಿಬಿಟ್ಟಿದ್ದೀವಿ. ಒಂದು, ಈ ಮಾತು ವಿಚಾರಿಸೋಕೆ ಯೋಗ್ಯ ಅಂತ ನಂಬೋದು. ಇನ್ನೊಂದು, ಶಿಕ್ಷೆ ಕೊಡೋಕೆ ಸಾಕು ಅಂತ ನಂಬೋದು. ಮೊದಲನೆಯದು ದೂರು ತಂದ ಎಲ್ಲರಿಗೂ ಸಿಗಬೇಕು, ಕೇಳಿದ ತಕ್ಷಣ ಸಿಗಬೇಕು. ಎರಡನೆಯದು ಯಾರಿಗೂ ತಕ್ಷಣ ಸಿಗಬಾರದು. ಕಂಪಿಲರಾಯನ ತಪ್ಪು ರತ್ನಾಜಿಯ ಮಾತು ಕೇಳಿದ್ದಲ್ಲ. ಕೇಳಲೇಬೇಕಿತ್ತು. ಅವಳ ಮಾತು ಮುಗಿಯುವ ಹೊತ್ತಿಗೆ ಕತ್ತಿ ಕೈಗೆ ತಗೊಂಡಿದ್ದು ತಪ್ಪು. ಮಾವನ ತಪ್ಪು ಅದರ ತದ್ವಿರುದ್ಧ. ಅವನು ಮಾತು ಶುರುವಾಗೋ ಮುಂಚೆಯೇ ರಿಮೋಟ್ ಕೈಗೆ ತಗೊಂಡ. ಎರಡರಲ್ಲೂ ವಿಚಾರಣೆ ಇಲ್ಲ.

ಯಾರಿಗೆ ಅಧಿಕಾರ ಇದೆ ಅನ್ನೋದು ಸತ್ಯ ಎಲ್ಲಿದೆ ಅಂತ ಹೇಳಲ್ಲ. ಎಲ್ಲಿ ಕಿವಿ ಹೆಚ್ಚು ಚುರುಕು ಮಾಡಬೇಕು ಅಂತ ಹೇಳುತ್ತೆ. ಮಂಚದ ಮೇಲಿನವರ ಮಾತು ತಾನಾಗೇ ಕೇಳಿಸುತ್ತೆ. ಬಾಗಿಲ ಹತ್ತಿರ ಇರೋರ ಮಾತು ಕೇಳೋಕೆ ನಾವೇ ಎದ್ದು ಹತ್ತಿರ ಹೋಗಬೇಕು.

ಇದೇ ಕಥೆ ಕುರಾನಿನಲ್ಲೂ ಬರುತ್ತೆ. ಅಲ್ಲಿ ನಂಗೆ ತುಂಬಾ ಹಿಡಿಸಿದ ಒಂದು ವಿಷಯ ಇದೆ. ಆ ಹೆಂಗಸಿನ ಕಡೆಯವರೇ ಒಬ್ಬರು ಮುಂದೆ ಬಂದು ಒಂದು ಪರೀಕ್ಷೆ ಹೇಳ್ತಾರೆ. ಅಂಗಿ ಮುಂದೆ ಹರಿದಿದ್ದರೆ ಅವಳು ಹೇಳಿದ್ದು ನಿಜ, ಹಿಂದೆ ಹರಿದಿದ್ದರೆ ಅವನು ಹೇಳಿದ್ದು ನಿಜ. ಓಡಿಹೋಗುವವನ ಅಂಗಿ ತಾನೇ ಹಿಂದಿನಿಂದ ಹರಿಯೋದು? ನೋಡಿದರೆ ಹಿಂದೆ ಹರಿದಿರುತ್ತೆ. ಆ ಸಾಕ್ಷಿ ಯಾರು ಅನ್ನೋದಕ್ಕೆ ಕೆಲವು ವ್ಯಾಖ್ಯಾನಕಾರರು ತೊಟ್ಟಿಲಲ್ಲಿದ್ದ ಕೂಸೇ ಮಾತಾಡಿತು ಅಂತಾರೆ. ಅವಳ ಕಡೆಯವರೇ ಆಗಿದ್ದೂ, ಎರಡೂ ಉತ್ತರಕ್ಕೆ ಜಾಗ ಇರೋ ಪ್ರಶ್ನೆ ಕೇಳಿದರಲ್ಲ, ನಾನು ಅಲ್ಲಿಗೇ ತಲೆಬಾಗ್ತೀನಿ. ಸಮಿತಿಯಲ್ಲಿ ಕೂತವರಿಗೆ ಇದಕ್ಕಿಂತ ದೊಡ್ಡ ಪಾಠ ಇಲ್ಲ.

ಆದರೆ ಮುಂದೆ ಏನಾಗುತ್ತೆ ಗೊತ್ತಾ? ತಪ್ಪು ಅವನದ್ದಲ್ಲ ಅಂತ ಗೊತ್ತಾದ ಮೇಲೂ ಯೂಸುಫನನ್ನ ಜೈಲಿಗೆ ಹಾಕ್ತಾರೆ. ದೊಡ್ಡವರ ಮನೆ ಮರ್ಯಾದೆ ಪ್ರಶ್ನೆ. ಆಫೀಸುಗಳಲ್ಲಿ ಕೆಲಸ ಮಾಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ರಿಪೋರ್ಟ್ ಒಂದು ಕಡೆ ಇರುತ್ತೆ, ಟೀಮ್ ಬದಲಾಗೋದು ಮಾತ್ರ ದೂರು ಕೊಟ್ಟವರದ್ದು.

ಇಷ್ಟೆಲ್ಲ ಯೋಚಿಸಿದ ಮೇಲೆ ಅಜ್ಜಿ ಮಾತು ಅರ್ಥ ಆಯ್ತು.

ಬೈಚಪ್ಪನ ಹತ್ತಿರ ಹರಿದ ಅಂಗಿ ಇರಲಿಲ್ಲ. ಅವನೂ ಆ ಕೋಣೆಯಲ್ಲಿ ಇರಲಿಲ್ಲ. ರಾಮನ ಗುಣದ ಮೇಲೆ ಅವನಿಗೆ ಭರವಸೆ ಇದ್ದಿರಬಹುದು. ಆದರೆ ನನ್ನ "ಇವನಲ್ಲ" ಅನ್ನೋದೂ ಅಂಥದ್ದೇ ಒಂದು ಭರವಸೆ ತಾನೇ? ವ್ಯತ್ಯಾಸ ಎಲ್ಲಿದೆ ಅಂದ್ರೆ, ಆ ಭರವಸೆಯಿಂದ ಅವನು ರತ್ನಾಜಿಗೆ ಶಿಕ್ಷೆ ಕೊಡಿಸೋಕೆ ಹೋಗಲಿಲ್ಲ. ವಾಪಸ್ ತಗೊಳ್ಳೋಕೆ ಆಗದ ಒಂದು ಕೆಲಸವನ್ನ ತಡೆದ, ಅಷ್ಟೆ. ಸಮಯ ಕೊಂಡ್ಕೊಂಡ. ತಲೆ ಹೋದಮೇಲೆ ಸತ್ಯ ಗೊತ್ತಾಗಿ ಏನು ಪ್ರಯೋಜನ? ರಾಜನ ಸಿಟ್ಟಿಗೂ ಕತ್ತಿಗೂ ಮಧ್ಯೆ ಒಂದು ನೆಲಮಾಳಿಗೆ ಇಟ್ಟ.

ಬೈಚಪ್ಪ ಅದಕ್ಕಾಗಿ ಸುಳ್ಳು ಹೇಳಬೇಕಾಯ್ತು, ಯಾಕಂದ್ರೆ ಅವನ ಕಾಲದಲ್ಲಿ ವಿಚಾರಣೆ ಅನ್ನೋದು ರಾಜನ ಮರ್ಜಿ. ನಮಗೆ ಸುಳ್ಳು ಬೇಕಾಗಿಲ್ಲ. ಕಾನೂನೇ 90 ದಿನದ ನೆಲಮಾಳಿಗೆ ಕಟ್ಟಿಕೊಟ್ಟಿದೆ. ಆದರೆ ಅದರೊಳಗೆ ಯಾರನ್ನ ಕಾಪಾಡಬೇಕು ಅಂತಲೂ ಕೇಳ್ಕೊಳ್ಳಬೇಕು. ಆರೋಪ ಬಂದವನ ಹೆಸರು ವಾಟ್ಸಾಪ್ ಗ್ರೂಪಿನಲ್ಲಿ ಹರಿದಾಡದ ಹಾಗೆ ಕಾಪಾಡಬೇಕು, ನಿಜ. ದೂರು ಕೊಟ್ಟವಳನ್ನೂ ಕಾಪಾಡಬೇಕು. ವಿಚಾರಣೆ ನಡೆಯುವಾಗ ಅವಳು ಕೇಳಿದರೆ ಇಬ್ಬರಲ್ಲಿ ಒಬ್ಬರನ್ನ ಬೇರೆ ಕಡೆ ಹಾಕೋಕೆ, ಅವಳಿಗೆ ಮೂರು ತಿಂಗಳವರೆಗೆ ರಜೆ ಕೊಡೋಕೆ ಶಿಫಾರಸು ಮಾಡಬಹುದು. ಯಾಕಂದ್ರೆ ನಮ್ಮ ಕಾಲದಲ್ಲಿ ರಾಜನಿಗೆ ಮೊದಲು ಒಪ್ಪಿಸೋ ತಲೆ ಹೆಚ್ಚಾಗಿ ಅವಳದ್ದೇ. ಅದು ರಾಜೀನಾಮೆ ಪತ್ರದ ರೂಪದಲ್ಲಿ ಇರೋದ್ರಿಂದ ಯಾರಿಗೂ ತಲೆ ಅನ್ನಿಸಲ್ಲ.

ಹಬ್ಬದ ಮಾರನೇ ದಿನ ತಂಗಿ ಹಠ ಹಿಡಿದಳು ಅಂತ ಹಂಪಿಗೆ ಹೋದ್ವಿ. ವಿರೂಪಾಕ್ಷ ಗುಡಿಯ ರಂಗಮಂಟಪ ಕೃಷ್ಣದೇವರಾಯ ತನ್ನ ಪಟ್ಟಾಭಿಷೇಕದ ನೆನಪಿಗೆ 1510ರ ಸುಮಾರಿಗೆ ಕಟ್ಟಿಸಿದ್ದು. ಅದರ ಚಾವಣಿ ತುಂಬಾ ಚಿತ್ರ. ಅವು ಯಾವ ಕಾಲದವು ಅನ್ನೋದರಲ್ಲಿ ಒಮ್ಮತ ಇಲ್ಲ. ಚಿಕ್ಕವಳಿದ್ದಾಗಿನಿಂದ ಎಷ್ಟು ಸಲ ಕುತ್ತಿಗೆ ನೋಯುವಷ್ಟು ಹೊತ್ತು ನೋಡಿದ್ದೀನೋ. ವಿದ್ಯಾರಣ್ಯರ ಪಲ್ಲಕ್ಕಿ, ಅರ್ಜುನ ಮತ್ಸ್ಯಯಂತ್ರ ಹೊಡೆಯೋದು, ಗಿರಿಜಾ ಕಲ್ಯಾಣ, ಎಲ್ಲಾ ಬಾಯಿಪಾಠ. ಈ ಸಲ ಕಣ್ಣು ನಿಂತಿದ್ದು ಮನ್ಮಥನ ಮೇಲೆ. ತಪಸ್ಸಿಗೆ ಕೂತ ಶಿವನಿಗೆ ಬಾಣ ಹೂಡಿದ್ದಾನೆ.

ಮುಂದಿನದ್ದು ಚಾವಣಿ ನೋಡದೇನೂ ನಮಗೆ ಗೊತ್ತು. ಶಿವ ಕಣ್ಣು ಬಿಟ್ಟ, ಮನ್ಮಥ ಬೂದಿ. ಅದು ನಡೆದದ್ದು ಗುಡಿ ಪಕ್ಕದ ಹೇಮಕೂಟದ ಮೇಲೇ ಅಂತ ನಮ್ಮ ಕಡೆ ನಂಬಿಕೆ. ಆಮೇಲೆ ರತಿ ಬಂದು ಅತ್ತಳು, ಅವಳ ಮಾತು ಕೇಳಿ ಶಿವ ಅವನಿಗೆ ಮತ್ತೆ ಜೀವ ಕೊಟ್ಟ. ದೇಹ ಮಾತ್ರ ಕೊಡಲಿಲ್ಲ. ಶಿವನೇ ಮೊದಲು ಸುಟ್ಟು ಆಮೇಲೆ ಕೇಳಿದ. ಅಂಥ ಶಿವನಿಗೂ ಪೂರ್ತಿ ವಾಪಸ್ ಕೊಡೋಕೆ ಆಗಲಿಲ್ಲ ಅಥವಾ ಕೊಡಲಿಲ್ಲ. ಇನ್ನು ಸುಡೋದು ಮಾತ್ರ ಗೊತ್ತಿರೋ ನಾವು? ಒಂದು ಸ್ಕ್ರೀನ್‌ಶಾಟ್ ಫಾರ್ವರ್ಡ್ ಮಾಡೋಕೆ ಎರಡು ಸೆಕೆಂಡ್. ಅದರಲ್ಲಿ ಸುಟ್ಟುಹೋದವರಿಗೆ, ಗಂಡಾಗಲಿ ಹೆಣ್ಣಾಗಲಿ, ದೇಹ ವಾಪಸ್ ಕೊಡೋರು ಯಾರು?

ಅವತ್ತು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆ. ಮೇಲಿನ ಬರ್ತು. ಎಲ್ಲರೂ ಲೈಟ್ ಆರಿಸಿದ ಮೇಲೆ ಮೊಬೈಲ್ ಬೆಳಕಲ್ಲಿ ನನ್ನ ನೋಟ್‌ಬುಕ್ ತೆಗೆದೆ. ವಿಚಾರಣೆಗೆ ಅಂತ ಊರಿಗೆ ಬರೋ ಮುಂಚೆಯೇ ನನ್ನಷ್ಟಕ್ಕೆ ಪ್ರಶ್ನೆಗಳನ್ನ ಬರೆದಿಟ್ಟುಕೊಂಡಿದ್ದೆ. ಎಣಿಸಿದೆ.

ದೂರು ಕೊಟ್ಟವರಿಗೆ ಕೇಳಬೇಕಾದ್ದು ಹದಿನಾಲ್ಕು. ಆರೋಪ ಬಂದವರಿಗೆ ಕೇಳಬೇಕಾದ್ದು ನಾಲ್ಕು.

ಹದಿನಾಲ್ಕರಲ್ಲಿ ಒಂದೂ ಕೆಟ್ಟ ಪ್ರಶ್ನೆ ಅಂತ ಬರೆಯುವಾಗ ಅನ್ನಿಸಿರಲಿಲ್ಲ. ಯಾವಾಗ, ಎಲ್ಲಿ, ಯಾರಿಗೆ ಹೇಳಿದ್ರಿ, ಯಾಕೆ ತಡ ಮಾಡಿದ್ರಿ, ಆಮೇಲೂ ಯಾಕೆ ಮಾತಾಡ್ತಿದ್ರಿ. ಒಂದೊಂದೂ ಸಭ್ಯ. ಒಟ್ಟು ಸೇರಿಸಿದರೆ ಅದು ಪ್ರಶ್ನೆಗಳ ಪಟ್ಟಿ ಅಲ್ಲ, ಆಗಲೇ ಬರೆದಿಟ್ಟ ತೀರ್ಪು. ಅಂಗಿ ಹಿಂದೆ ಹರಿದಿದೆಯಾ ಅಂತ ಮಾತ್ರ ನೋಡೋಕೆ ಹೊರಟಿದ್ದೆ. ಮುಂದೆ ಹರಿದಿದ್ದರೆ ನೋಡೋಕೆ ನನ್ನ ಹತ್ತಿರ ಪ್ರಶ್ನೆಯೇ ಇರಲಿಲ್ಲ. ಆ ನಾಲ್ಕು ಪ್ರಶ್ನೆಗಳೋ, ಓದಿದರೆ ಕ್ಷಮೆ ಕೇಳೋ ಹಾಗಿದ್ದವು.

ಹಾಳೆ ಹರಿದೆ. ಬೆಂಗಳೂರು ಬರೋವರೆಗೂ ಹೊಸದಾಗಿ ಬರೆದೆ. ಈ ಸಲ ಒಂದು ನಿಯಮ ಹಾಕ್ಕೊಂಡೆ. ಪ್ರತಿ ಪ್ರಶ್ನೆಯ ಪಕ್ಕದಲ್ಲಿ, ಯಾವ ಉತ್ತರ ಬಂದರೆ ನನ್ನ ಅಭಿಪ್ರಾಯ ಬದಲಾಗುತ್ತೆ ಅಂತ ಬರೀಬೇಕು. ಅದನ್ನ ಬರೆಯೋಕೆ ಆಗದ ಪ್ರಶ್ನೆಯನ್ನ ಹೊಡೆದುಹಾಕಬೇಕು. ಆಮೇಲೆ ಇಬ್ಬರ ಪಟ್ಟಿಯೂ ಹೆಚ್ಚುಕಮ್ಮಿ ಒಂದೇ ಉದ್ದ ಆಯ್ತು.

ಇದರಿಂದ ನಾನು ಒಳ್ಳೆಯ ನ್ಯಾಯಾಧೀಶೆ ಆದೆ ಅಂತ ಹೇಳ್ತಿಲ್ಲ. "ಇವನಲ್ಲ" ಅನ್ನೋ ದನಿ ಈಗಲೂ ಬರುತ್ತೆ, ಕೆಲವು ಸಲ "ಇವಳಲ್ಲ" ಅಂತಲೂ ಬರುತ್ತೆ. ಚಿಕ್ಕಂದಿನಿಂದ ಕೇಳಿದ ಕಥೆಗಳು ನಮ್ಮೊಳಗೆ ಚಾವಣಿ ಚಿತ್ರದ ಹಾಗೆ ಇರ್ತವೆ. ನಾವು ತಲೆ ಎತ್ತಿ ನೋಡದೇ ಇದ್ದರೂ ಅವುಗಳ ಕೆಳಗೇ ಓಡಾಡ್ತಿರ್ತೀವಿ. ಅಳಿಸೋಕೆ ಆಗಲ್ಲ, ಅಳಿಸಬೇಕಾಗಿಯೂ ಇಲ್ಲ. ಕುಮಾರರಾಮ ನನಗೆ ಇವತ್ತಿಗೂ ದೇವರೇ. ಆದರೆ ಅವನು ಯಾಕೆ ದೇವರು ಅನ್ನೋದು ಸ್ವಲ್ಪ ಬದಲಾಗಿದೆ. ರತ್ನಾಜಿ ಸುಳ್ಳು ಹೇಳಿದ್ದಕ್ಕಲ್ಲ. ಯಾರೂ ಕೇಳದೇ ಇದ್ದಾಗಲೂ ಸತ್ಯ ಅವನ ಕಡೆ ಇತ್ತು, ಅದು ಹೊರಗೆ ಬರೋವರೆಗೆ ಅವನನ್ನ ಉಳಿಸೋಕೆ ಒಬ್ಬ ಇದ್ದ, ಅದಕ್ಕೆ.

ಆ ವಿಚಾರಣೆ ಮುಗಿದ ದಿನ ಸಂಜೆ ಅಜ್ಜಿಗೆ ಫೋನ್ ಮಾಡಿದೆ. ಏನೂ ಹೇಳೋ ಹಾಗಿರಲಿಲ್ಲ, ಹೇಳಲಿಲ್ಲ. ಸುಮ್ನೆ ಕೇಳಿದೆ: "ಅಜ್ಜಿ, ಬೈಚಪ್ಪಗ ರಾಮ ತಪ್ಪು ಮಾಡಿಲ್ಲ ಅಂತ ಹೆಂಗ್ ಗೊತ್ತಾತು?"

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: "ಗೊತ್ತಿತ್ತೋ ಇಲ್ಲೋ, ಯಾರಿಗ್ ಗೊತ್ತವ್ವಾ. ಗೊತ್ತಾಗೋ ತನಕ ಇಟ್ಕಂಡಿದ್ದ. ಊಟ ಆತೇನು?"